ಗಡ್ಡೆಯೋ ಬಾವೋ

ಮಾರ್ಚ್ 3, ಸೋಮವಾರ, ಬೆಳಿಗ್ಗೆ

ಹಾಲು ಉಕ್ಕಿತು. ಎಡಗಣ್ಣೂ ಉಕ್ಕಿದೆ. ಗುಡ್ಡೆ ಮುಂದೆ ಬಂದು ರೆಪ್ಪೆ ಕನ್ನಡಕಕ್ಕೆ ತಾಗುತ್ತದೆ. ಕೆಳಗೆ ನಾಲ್ಕೂ ಮಗ್ಗ ಓಡುತ್ತಿವೆ. ಯಾರ ಮಾತೂ ಕೇಳಿಸದು — ಅದೊಂದು ಸುಖ.

ಬೆಂಗಳೂರಿನ ಡಾಕ್ಟರಮ್ಮ ಶುಕ್ರವಾರಕ್ಕೆ ಎಂಆರ್‌ಐ ಬರೆದಿದ್ದಾರೆ. ಕಣ್ಣಿನ ಗೂಡಿನಲ್ಲಿ ಕೂತಿರುವುದು ಏನೆಂದು ಅದರಲ್ಲಿ ತಿಳಿಯುತ್ತದಂತೆ. ಗಡ್ಡೆಯೋ ಬಾವೋ, ಹಗ್ಗವೋ ಹಾವೋ.

ಭಾನುವಾರ ಮಗಳು ಅಕ್ಷತಳ ನಿಶ್ಚಿತಾರ್ಥ. ಮೈದುನ ಅಮರ್‌ಗೆ ಬಸ್‌ಸ್ಟ್ಯಾಂಡ್ ಹತ್ತಿರ ಮೆಡಿಕಲ್ ಸ್ಟೋರ್. ಅರ್ಧ ದೊಡ್ಡಬಳ್ಳಾಪುರಕ್ಕೆ ಅವನೇ ಡಾಕ್ಟರ್. ಸ್ಟೀರಾಯ್ಡ್ ಮಾತ್ರೆ ತಂದ. "ತಗೊಳ್ಳಿ ಅತ್ತಿಗೆ, ಫೋಟೋದಲ್ಲಿ ಎರಡು ಕಣ್ಣೂ ಒಂದೇ ಸೈಜ್ ಬರತ್ತೆ."

ನುಂಗಿದೆ. ಬೀಗರ ಮುಂದೆ ಹೀಗೆ ನಿಲ್ಲುವುದು ಹೇಗೆ...

ಮಾರ್ಚ್ 7, ಶುಕ್ರವಾರ

ಊತ ಇಳಿದಿದೆ. ಮನೆಯಲ್ಲೆಲ್ಲ ಅಮರ್ ಭಜನೆ.

ಸ್ಕ್ಯಾನಿಗೆ ಹೊರಡಲು ಸೀರೆ ಉಟ್ಟು ಬಂದೆ. ಯಜಮಾನರು, ಚಲಪತಿ, ಪೇಪರಿನಿಂದ ತಲೆ ಎತ್ತಲಿಲ್ಲ. "ಎಲ್ಲಿಗೆ? ಅದು ಕ್ಯಾನ್ಸಲ್ ಆಯ್ತಲ್ಲ. ಅಮರ್ ನಿನ್ನೇನೇ ಆಸ್ಪತ್ರೆಗೆ ಫೋನ್ ಮಾಡಿ ಹೇಳ್ದ."

"ವಾಸಿ ಆಗಿರೋದಕ್ಕೆ ಯಾಕಮ್ಮ ಸುಮ್ನೆ?" ಎಂದರು ಅತ್ತೆ ರುಕ್ಮಿಣಮ್ಮ.

ನನ್ನ ಕಣ್ಣು. ನನ್ನನ್ನು ಕೇಳಲಿಲ್ಲ.

ಕಣ್ಣು ಒಳಗೆ, ಮಾತು ಒಳಗೆ, ನಾನು ಅಡುಗೆಮನೆ ಒಳಗೆ.

ಮಾರ್ಚ್ 26, ಬುಧವಾರ

ಫೋಟೋ ಚೆನ್ನಾಗಿ ಬಂದಿವೆ. ಮಾತ್ರೆ ಮುಂದುವರಿದಿದೆ. ಆದರೂ ಮೊನ್ನೆಯಿಂದ ಎಲ್ಲವೂ ಎರಡೆರಡು. ಇಬ್ಬರು ಚಲಪತಿಯರು. ಒಬ್ಬರೇ ಸಾಕಾಗಿತ್ತು.

ಯಾರಿಗೂ ಹೇಳದೆ ಅಕ್ಷತಳ ಜೊತೆ ಬಸ್ ಹತ್ತಿದೆ. ಡಾಕ್ಟರಮ್ಮ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿದರು. "ಯಾರಮ್ಮ ಕೊಟ್ಟಿದ್ದು ಇದನ್ನ? ಇದಕ್ಕೆ ಬಾವೂ ಇಳಿಯತ್ತೆ, ಕೆಲವು ಗಡ್ಡೆನೂ ಸ್ವಲ್ಪ ದಿನ ಇಳಿಯತ್ತೆ. ಈಗ ಚಿತ್ರ ತೆಗೆದ್ರೆ ನಾನು ಯಾವ್ದನ್ನ ನಂಬ್ಲಿ?"

ಗಡ್ಡೆಯಲ್ಲಿ ಜೀವಕೋಶಗಳು ಒತ್ತೊತ್ತಾಗಿರುತ್ತವಂತೆ, ನೀರು ಅಲ್ಲಾಡಲು ಜಾಗ ಇರದು. ಬಾವು ಸಾಮಾನ್ಯವಾಗಿ ಸಡಿಲ. ಆ ನೀರಿನ ಓಡಾಟವನ್ನೂ ಯಂತ್ರ ಹಿಡಿಯುತ್ತದೆ. ನೇಕಾರರ ಮನೆಯವಳಿಗೆ ಇನ್ನೂ ಬಿಡಿಸಿ ಹೇಳಬೇಕೆ? ಒತ್ತು ನೇಯ್ಗೆ, ಸಡಿಲ ನೇಯ್ಗೆ.

ಅವರು ಹೇಳಿದ ಹಾಗೆ ಮಾತ್ರೆ ಇಳಿಸುತ್ತ ನಿಲ್ಲಿಸಬೇಕು. ನೋಟ ಮಬ್ಬಾದರೆ ಅದೇ ದಿನ ಓಡಿ ಬರಬೇಕು. ಊತ ಮರಳಿದ ಮೇಲೆ ಚಿತ್ರ.

ಇಳಿಸಿದ್ದು ಊರಿಗಾಗಿ. ಊದಿಸುವುದು ನನಗಾಗಿ.

ಏಪ್ರಿಲ್ 13, ಭಾನುವಾರ

ಊದಿದೆ. ಸದ್ಯ! ಶತ್ರುವೂ ಇಷ್ಟು ಆಸೆಯಿಂದ ಕಾದಿರಲಾರ.

ಮದುವೆ ಸೀರೆ ಆರಿಸಲು ಬೀಗರು ಬರುವ ದಿನ. ಅಮರ್ ಬೆಳಿಗ್ಗೆಯೇ ಮಾತ್ರೆ ಹಿಡಿದು ಹಾಜರ್. "ಮದುವೆ ತನಕ ಅಷ್ಟೇ ಅತ್ತಿಗೆ." ಬೇಡ ಎಂದೆ. "ಹಾಗಾದ್ರೆ ಕೂಲಿಂಗ್ ಗ್ಲಾಸಾದ್ರೂ ಹಾಕ್ಕೋ," ಎಂದರು ಚಲಪತಿ. ನಡುಮನೆಯಲ್ಲಿ ಯಾವ ಬಿಸಿಲಿಗೆ!

ಹುಡುಗನ ತಾಯಿ ಸೀರೆ ಬಿಟ್ಟು ನನ್ನ ಮುಖವನ್ನೇ ನೋಡಿದರು. "ಏನಾಯ್ತ್ರೀ ಕಣ್ಣಿಗೆ?"

"ಗಡ್ಡೆನೋ ಬಾವೋ ಗೊತ್ತಿಲ್ಲ ಕಣ್ರೀ. ಗೊತ್ತಾಗ್ದಿರೋ ಹಾಗೆ ಮಾಡ್ದೋನು ಇವ್ನೇ. ನಿಮ್ಮ ಮುಂದೆ ಚೆನ್ನಾಗಿ ಕಾಣ್ಲಿ ಅಂತ."

ಅಮರ್ ಸೀರೆ ಮಡಿಸತೊಡಗಿದ. ಮಡಿಸಿದ್ದನ್ನೇ ಮತ್ತೆ ಮಡಿಸಿದ.

"ಅಯ್ಯೋ, ನಾವೇನ್ ನಿಮ್ಮ ಕಣ್ಣು ನೋಡಿ ಹೆಣ್ಣು ಒಪ್ಪಿದ್ವಾ? ಮೊದ್ಲು ಆಸ್ಪತ್ರೆಗೆ ಹೋಗಿ. ಸೀರೆ ಎಲ್ಲಿಗೂ ಓಡೋಗಲ್ಲ."

ಅಷ್ಟೇ. ಇವರಿಗೆ ಹೆದರಿಯೇ ನಾನು ಅಷ್ಟು ದಿನ ನುಂಗಿದ್ದು!

ಏಪ್ರಿಲ್ 17, ಗುರುವಾರ

ಯಂತ್ರದ ಹತ್ತಿರ ಲೋಹ ಕೂಡದು. ಬೋಳು ಕೊರಳು ಬೇಡವೆಂದು ಅತ್ತೆ ತಾವೇ ಅರಿಸಿನದ ಕೊಂಬಿನ ದಾರ ಕಟ್ಟಿ, ತಾಳಿ ಬಿಚ್ಚಿಸಿ ಮಡಿಲಲ್ಲಿ ಇಟ್ಟುಕೊಂಡರು. ಈ ಅಕ್ಕರೆ ಮಾರ್ಚಿನಲ್ಲಿ ಎಲ್ಲಿತ್ತು?

ಒಳಗೂ ಮಗ್ಗದಂಥದೇ ಸದ್ದು. ಕಣ್ಣು ಅಲ್ಲಾಡಿಸಬಾರದು. ಅಮರ್‌ನನ್ನು ಬೈಯಲು ಪ್ರಾಸ ಹುಡುಕುತ್ತ ಮಲಗಿದ್ದೆ. ಬೇಕಾದಷ್ಟು ಸಿಕ್ಕವು.

ಏಪ್ರಿಲ್ 19, ಶನಿವಾರ, ಸಂಜೆ

ಒತ್ತು ನೇಯ್ಗೆ. ಗಡ್ಡೆಯೇ ಇರಬೇಕು ಎನ್ನುತ್ತದೆ ಚಿತ್ರ. ಮಂಗಳವಾರ ಒಂದು ಚೂರು ತೆಗೆದು ಪರೀಕ್ಷೆ. ಯಾವ ಬಗೆಯದು, ಏನು ಮದ್ದು, ಆಮೇಲೆ. "ಮಾರ್ಚ್‌ನಲ್ಲೇ ಬಂದಿದ್ರೆ..." ಎಂದ ಡಾಕ್ಟರಮ್ಮ ಪರೀಕ್ಷೆಯ ಚೀಟಿ ಬರೆಯತೊಡಗಿದರು.

ಚಲಪತಿ ಮಗ್ಗ ನಿಲ್ಲಿಸಿದ್ದಾರೆ. ಈಗ ಎಲ್ಲವೂ ಕೇಳಿಸುತ್ತದೆ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಅಮರ್. ಬಾಗಿಲಲ್ಲೇ ನಿಂತಿದ್ದಾನೆ, ಬರಿಗೈಯಲ್ಲಿ.

"ಅತ್ತಿಗೆ... ಒಳಗೆ ಬರ್ಲಾ?"

ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮೊದಲ ಸಲ ನನ್ನನ್ನು ಕೇಳಿದ್ದಾನೆ. ಉತ್ತರ ಸಿದ್ಧವಿದೆ. ಯಂತ್ರದೊಳಗೆ ಹೊಂದಿಸಿದ್ದು, ಪ್ರಾಸದ ಸಮೇತ.

ಬಾರಪ್ಪ ಡಾಕ್ಟ್ರೇ—