ಸೋಮವಾರ ತಾಯಿ ಬರಬೇಕಂತೆ

ಬಿಷ್ಕೆಕ್
ಆಗಸ್ಟ್ ೨೦, ಬುಧವಾರ

ಅತ್ತೆಯವರಿಗೆ ನಿಮ್ಮ ಜಿಪಾರ್ ಮಾಡುವ ಸಲಾಂ.

ಮೊಣಕಾಲು ನೋವು ಹೇಗಿದೆ? ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿಮ್ಮ ದನಿ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ನರಿನ್ ಕಡೆ, ನಿಮ್ಮ ಊರಿಗೆ ಹೊರಟ ವ್ಯಾನಿನ ಡ್ರೈವರ್ ಕೈಯಲ್ಲಿ ಈ ಕಾಗದ.

ಬೆಗಾಯಿಮ್‌ಳನ್ನು ರಜೆಗೆಂದು ನಮ್ಮಲ್ಲಿಗೆ ಕಳಿಸಿದಿರಿ. ನಾನು ನಿಮ್ಮನ್ನು ಒಂದು ಮಾತೂ ಕೇಳದೆ ಅವಳನ್ನು ಕರೆದುಕೊಂಡು ಖಾಸಗಿ ಶಾಲೆಗಳನ್ನು ಸುತ್ತುತ್ತಿದ್ದೇನೆ. ಒಂದರಲ್ಲಿ ಈಜುಕೊಳವಿದೆ, ಆದರೆ ಅಲ್ಲಿ ಕಿರ್ಗಿಜ್ ಮಾತಾಡಿದರೆ ಮೂಗು ಮುರಿಯುತ್ತಾರೆ. ಇನ್ನೊಂದರಲ್ಲಿ ಮಕ್ಕಳು ಉಸಿರೆತ್ತುವುದಿಲ್ಲ. ಚಿನಾರ್ ಮರಗಳ ಬೀದಿಯ ಮೂರನೆಯದು ಮನಸ್ಸಿಗೆ ಹಿಡಿಸಿತು. ಅಲ್ಲಿಯ ಹೆಡ್‌ಮೇಡಂಗೆ ಇವಳು ಜೇಬಿನಿಂದ ನೀವು ಮೊಸರು ಒಣಗಿಸಿ ಕಟ್ಟಿದ ಕುರುತ್ ಉಂಡೆ ತೆಗೆದು ಕೊಟ್ಟಳು. ಆಕೆ ಅಲ್ಲೇ ಬಾಯಿಗೆ ಹಾಕಿಕೊಂಡು, ಹುಳಿಗೆ ಕಣ್ಣು ಮುಚ್ಚಿ ನಕ್ಕರು.

ಆಮೇಲೆ ಕೇಳಿದರು, "ಜೊತೆಗೆ ಬಂದಿರೋದು ಯಾರಮ್ಮಾ?"

"ನಮ್ಮಕ್ಕ."

"ಅಮ್ಮ ಬರ್ಲಿಲ್ವಾ?"

"ಅಮ್ಮ ಊರಲ್ಲಿದಾರೆ. ಅವ್ರು ಬಂದ್ಬಿಟ್ರೆ ಹಸು ಹಾಲು ಕರೆಯೋರ್ಯಾರು?"

ಮೇಡಂ ನನ್ನ ಕಡೆ ತಿರುಗಿ, ಸೋಮವಾರ ತಾಯಿಯನ್ನು ಕರೆತನ್ನಿ, ತಾಯಿಯೊಡನೆ ಮಾತಾಡದೆ ನಾವು ಮಗುವನ್ನು ಸೇರಿಸಿಕೊಳ್ಳುವುದಿಲ್ಲ ಎಂದರು. ನಾನು ಕೋಲೆಬಸವನ ಹಾಗೆ ತಲೆಯಾಡಿಸಿ ಬಂದೆ.

ಚೊಚ್ಚಲ ಕೂಸು ಅಜ್ಜ ಅಜ್ಜಿಯದು ಎನ್ನುವುದು ನಮ್ಮಲ್ಲಿ ಎಲ್ಲರೂ ನಡೆಸಿಕೊಂಡು ಬಂದ ಪದ್ಧತಿ. ಹೆತ್ತ ನಲವತ್ತನೆಯ ದಿನದ ಶಾಸ್ತ್ರ ಮುಗಿದ ಮೇಲೆ ನಾನೇ ಅವಳನ್ನು ನಿಮ್ಮ ಮಡಿಲಿಗೆ ಹಾಕಿದೆ, ನಗುತ್ತಲೇ ಹಾಕಿದೆ. ಅಂದಿನಿಂದ ಅವಳಿಗೆ ನೀವು ಅಮ್ಮ, ನಾನು ಅಕ್ಕ. ನೀವು ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದೀರಿ. ಅದರಲ್ಲಿ ಎಳ್ಳಷ್ಟೂ ದೂರಿಲ್ಲ. ನಿಮ್ಮ ಮಗನನ್ನು ಕೇಳಿದರೆ ತಮಾಷೆ ಮಾಡುತ್ತಾರೆ: "ಅವ್ಳು ನನ್ ತಂಗಿ ಕಣೇ. ತಂಗಿ ಓದೋ ವಿಷ್ಯ ಅಮ್ಮನ್ನೇ ಕೇಳು."

ಕೇಳುತ್ತಿದ್ದೇನೆ. ಊರ ಶಾಲೆ ಕೆಟ್ಟದ್ದೆಂದು ನಾನು ಹೇಳಲಾರೆ, ನಿಮ್ಮ ಮಗ ಓದಿದ್ದೂ ಅಲ್ಲೇ. ಇಂಗ್ಲಿಷು, ಕಂಪ್ಯೂಟರು ಎಂದೆಲ್ಲ ಬರೆದು ನಾಲ್ಕು ಸಲ ಹರಿದು ಹಾಕಿದೆ. ನಿಜ ಹೇಳಲೇ? ಶಾಲೆ ಒಂದು ನೆಪ ಅತ್ತೆ. ಬೆಳಿಗ್ಗೆ ಅವಳ ಜಡೆ ಹೆಣೆದು ಕಳಿಸಬೇಕು, ಸಂಜೆ ಗೇಟಿನ ಬಳಿ ಕಾಯಬೇಕು. ಅಷ್ಟಕ್ಕೇ ಈ ಚಡಪಡಿಕೆ. ಕೂತಲ್ಲಿ ಕೂರಲಾಗುತ್ತಿಲ್ಲ, ಬೇಯಿಸಿದ್ದು ಸೀದುಹೋಗುತ್ತಿದೆ. ನಿಮ್ಮ ಪಕ್ಕದಲ್ಲಿ ಮಲಗುವವಳನ್ನು ಕಿತ್ತುಕೊಳ್ಳುತ್ತಿದ್ದೇನೆಂದು ನನ್ನ ಮೇಲೆ ನನಗೇ ಸಿಟ್ಟು.

ಸೋಮವಾರ ಆ ಕುರ್ಚಿಯಲ್ಲಿ ಯಾರು ಕೂರಬೇಕು, ನೀವೋ ನಾನೋ? ನೀವು ಬಂದರೆ ನಾನು ಅಕ್ಕನಾಗಿಯೇ ಪಕ್ಕದಲ್ಲಿ ನಿಲ್ಲುತ್ತೇನೆ. ಬೇಡವೆಂದರೆ ಅದೇ ವ್ಯಾನಿನಲ್ಲಿ ಅವಳನ್ನು ಕರೆತಂದು ಬಿಡುತ್ತೇನೆ. ಏನಾದರೂ ಒಂದು ಹೇಳಿ.

ನಿಮ್ಮ ಹಿರಿಸೊಸೆ,
ಜಿಪಾರ್

ಮರೆತ ಮಾತು: ಶಾಲೆಯಿಂದ ಬರುವಾಗ ಬಸ್ಸಿನಲ್ಲಿ ನನ್ನ ಮುಖ ನೋಡಿ ಕಿವಿಯಲ್ಲಿ ಹೇಳಿದಳು: "ಅಳ್ಬೇಡ ಅಕ್ಕ. ಅಮ್ಮ ಇರ್ಲೇಬೇಕು ಅಂದ್ರೆ ಸ್ಕೂಲಲ್ಲಿ ಮಾತ್ರ ನಿನ್ನೇ ಅಮ್ಮ ಅಂತೀನಿ. ಊರಲ್ಲಿ ಅಮ್ಮಂಗೆ ಹೇಳ್ಬೇಡ, ಬೇಜಾರ್ ಮಾಡ್ಕೋತಾರೆ." ಹೇಳುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟಿದ್ದೇನೆ.