ಸಿಯಾಲೆಯ ಸೋದರತ್ತೆ

ನುಕುಅಲೋಫ, ಟೊಂಗಾ
೧೮ ಆಗಸ್ಟ್ ೨೦೧೯, ಭಾನುವಾರ

ಪ್ರೀತಿಯ ಫಿಲಿಮೋನೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಟೊಮೇಟೊ ಕೀಳುವಾಗ ಬಗ್ಗಿಯೇ ಇರಬೇಡ, ಆಗಾಗ ನೆಟ್ಟಗೆ ನಿಲ್ಲು. ಆಸ್ಟ್ರೇಲಿಯಾದಲ್ಲಿ ಈಗ ಚಳಿಯಂತೆ, ಸ್ವೆಟರ್ ಹಾಕಿಕೋ. ನಾನು ಪರವಾಗಿಲ್ಲ. ಎದೆಹಾಲು ಮಾತ್ರ ಇನ್ನೂ ನಿಂತಿಲ್ಲ. ಅದಕ್ಕೆ ಯಾರೂ ಸುದ್ದಿ ಮುಟ್ಟಿಸಿಲ್ಲ. ಇವತ್ತು ಚರ್ಚಿಗೆ ಹೋಗಲಿಲ್ಲ. ಎಲ್ಲರ ಹಿತ್ತಲಲ್ಲೂ ಭಾನುವಾರದ ಊಟಕ್ಕೆ ಹೂಡಿದ ನೆಲದೊಲೆಯ ಹೊಗೆ ಏಳುತ್ತಿದೆ, ನಮ್ಮ ಹಿತ್ತಲಲ್ಲಿ ಇಲ್ಲ. ಒಬ್ಬಳಿಗೆ ಯಾರು ಒಲೆ ಹೂಡುತ್ತಾರೆ? ಫೋನಿನಲ್ಲಿ ನೀನು ಅಳುತ್ತೀಯ, ನಾನು ಫೋನ್ ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಪಕ್ಕದ ಮನೆಯ ಸೆಮಿಸಿ ನಾಳೆ ನಿಮ್ಮ ತೋಟದ ಕೆಲಸಕ್ಕೇ ಹೊರಟಿದ್ದಾನೆ, ಅವನ ಕೈಲಿ ಕಳಿಸುತ್ತೇನೆ.

ಮಗಳನ್ನು ನೀನು ನೋಡಲೇ ಇಲ್ಲ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಳು, ಗಂಟಲಲ್ಲಿ ಉಸಿರಿನ ನಳಿಕೆ ಇದ್ದುದರಿಂದ ಅತ್ತರೂ ಸದ್ದು ಬರುತ್ತಿರಲಿಲ್ಲ; ಮುಖ ಮಾತ್ರ ಅಳುತ್ತಿತ್ತು. ಮಿದುಳಿನಲ್ಲಿ ರಕ್ತ ಸೋರಿದೆ, ಯಂತ್ರ ಉಸಿರಾಡಿಸುತ್ತದೆ ಅಷ್ಟೆ, ವಾಸಿ ಮಾಡದು ಎಂದರು ಡಾಕ್ಟರು. “ನಳಿಕೆ ತೆಗೀಬೇಕಾ, ಇಡ್ಬೇಕಾ, ನೀವೇ ಹೇಳ್ಬೇಕಮ್ಮ.” ಪಾದ್ರಿಗಳು, “ದೇವ್ರಿಗೆ ಸ್ವಲ್ಪ ಟೈಮ್ ಕೊಡಮ್ಮ” ಅಂದರು. ನನ್ನಮ್ಮ, “ಜನ ಏನಂತಾರೋ” ಅಂದಳು. ನೀನು ಫೋನಿನಲ್ಲಿ, “ಅಕ್ಕನ್ನ ಕೇಳು” ಅಂದೆ. ಅದು ಸರಿಯೇ. ನಮ್ಮಲ್ಲಿ ಹೆಸರಿಡುವವಳೂ ಸೋದರತ್ತೆ, ಸತ್ತರೆ ತಲೆಯ ಬಳಿ ಕೂರುವವಳೂ ಅವಳೇ.

ನಿನ್ನಕ್ಕ ಕಲೋಲೈನ್ ಬಂದವರೇ ಬೇಯಿಸಿದ ಗೆಣಸು ನನ್ನ ಬಾಯಿಗೆ ತುರುಕಿದರು. “ತಿನ್ನೇ. ನೀನೂ ಆ ಗಾಜಿನ ಪೆಟ್ಟಿಗೇಲಿ ಮಲ್ಕೋಬೇಕಾ?” ಆಮೇಲೆ ಮಗುವನ್ನು ನೋಡಿ, “ಅಯ್ಯೋ ಪಾಪ, ಅಪ್ಪನ ಮೂಗೇ ಎತ್ಕೊಂಡು ಬಂದವ್ಳೆ!” ಅಂದರು. ನರ್ಸ್ ನಕ್ಕಳು, ನಾನೂ ನಕ್ಕೆ. ಹೆಸರಿಟ್ಟರೆ ಹೊರಟುಬಿಡುತ್ತಾಳೆಂದು ಅಷ್ಟು ದಿನ ತಡೆದಿದ್ದ ಅಕ್ಕ ಅಂದು ಸಿಯಾಲೆ ಎಂದು ಕರೆದರು, ನಿಮ್ಮಮ್ಮ ನೆಟ್ಟ ಬಿಳಿಹೂವಿನ ಗಿಡದ ಹೆಸರು. ನಂತರ ಡಾಕ್ಟರ ಹತ್ತಿರ ಹೋಗಿ, ನಳಿಕೆ ತೆಗೆಯಿರಿ ಎಂದರು. ನನ್ನ ತೋಳಿನಲ್ಲೇ ಹೋದಳು. ಅದಕ್ಕೆ ಮುಂಚೆ ಒಮ್ಮೆ ಸದ್ದು ಮಾಡಿದಳು, ಬೆಕ್ಕಿನ ಮರಿಯಷ್ಟು. ನಿನಗೂ ಕೇಳಿಸಬೇಕಿತ್ತು.

ಅಕ್ಕ ತಲೆಯ ಬಳಿ ಕುಳಿತಿದ್ದರು. ಸಾವಿಗೆ ಬಂದವರು ಪದ್ಧತಿಯಂತೆ ಚಾಪೆ, ಬಟ್ಟೆ ಅವರ ಮುಂದಿಟ್ಟರು, ಮುಖ ಮಾತ್ರ ನೋಡಲಿಲ್ಲ. “ಸ್ವಂತ ಸೋದರತ್ತೇನೇ ಉಸಿರು ನಿಲ್ಲಿಸಿದ್ಲಲ್ಲ” ಎಂಬ ಮಾತು ನನ್ನ ಹಿಂದೆಯೇ ಕೇಳಿಸಿತು. ಈಗ ನೀನೂ ಅವರ ಫೋನ್ ಎತ್ತುತ್ತಿಲ್ಲವಂತೆ. ಅವರೇನೂ ದೂರಲಿಲ್ಲ. ನಿನ್ನೆ ಬಂದು ನಿನ್ನ ದಿಂಬನ್ನು ಬಿಸಿಲಿಗೆ ಹಾಕಿ ಹೋದರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನ ಪಾಲಿನ ನಿದ್ದೆಯನ್ನೂ ದೇವರು ನಿನಗೇ ಕೊಡಲಿ.

ನಿನ್ನ
ಮೆಲೆನೈತೆ

ಮತ್ತೆ: ಸೆಮಿಸಿ ಪತ್ರಕ್ಕೆಂದು ಬಾಗಿಲಲ್ಲಿ ನಿಂತಿದ್ದಾನೆ. ಇದನ್ನು ಬರೆಯದೆ ಕೊಡಲಾರೆ. ಡಾಕ್ಟರ ಹತ್ತಿರ ಹೋಗುವ ಮೊದಲು ಅಕ್ಕ ನನ್ನನ್ನು ಕೇಳಿದರು: “ಹೊತ್ತವ್ಳು ನೀನು, ನೀನ್ ಹೇಳೇ.” ಸಾಕು ಎಂದೆ. “ಸರಿ, ಇನ್ಮೇಲೆ ಆ ಮಾತು ನಂದು. ನೀನು ಈ ಜನದ ಮಧ್ಯೆ ಬಾಳ್ಬೇಕು” ಎಂದರು. ಸಾಕು ಅಂದವಳು ನಾನು, ಫಿಲಿಮೋನೆ. ಕೋಪ ಬಂದರೆ ನನ್ನ ಮೇಲಿರಲಿ. ಅಕ್ಕನ ಫೋನ್ ಎತ್ತು.