ಇಟ್ಟಿಗೆ ಮೇಲಿನ ಕಾರು

ಕಾರಿನ ಯಜಮಾನರಿಗೆ,

ನಿಮ್ಮ ಪತ್ರ ತಲುಪಿತು. ಎರಡು ಪುಟವೂ ಕಾರಿನದೇ ವಿಚಾರ. ನೀವು ಹಡಗಿನ ಕೆಲಸಕ್ಕೆ ಹೊರಡುವಾಗ ಹೇಳಿದಂತೆಯೇ ಬ್ಯಾಟರಿ ಬಿಚ್ಚಿಸಿ, ಇಟ್ಟಿಗೆ ಮೇಲೆ ನಿಲ್ಲಿಸಿ, ಹೊದಿಕೆ ಹಾಕಿಟ್ಟಿದ್ದೆ.

ಹೋದ ತಿಂಗಳು ನನಗೆ ಹೆರಿಗೆ ನೋವು ಶುರುವಾಯಿತು. ತಾರೀಖು ನಿಮಗೂ ಗೊತ್ತಿತ್ತು. ಪಕ್ಕದ ಮನೆಯ ಟೈಲರಣ್ಣ ಓಡಿಬಂದು, "ಕೀ ಕೊಡಮ್ಮ, ನಾನೇ ಓಡಿಸ್ತೀನಿ" ಅಂದರು. ಹೊದಿಕೆ ಎತ್ತಿ ನೋಡಿ ಹಣೆ ಚಚ್ಚಿಕೊಂಡರು. ಕೊನೆಗೆ ತರಕಾರಿ ವ್ಯಾನಿನಲ್ಲಿ, ಈರುಳ್ಳಿ ಮೂಟೆಗಳ ಮಧ್ಯೆ, ನಿಮ್ಮ ಮಗಳು ಹುಟ್ಟಿದಳು. ಇಬ್ಬರೂ ಹುಷಾರಾಗಿದ್ದೇವೆ. ನೀವು ಕೇಳಿಲ್ಲ, ಆದರೂ ಹೇಳುತ್ತಿದ್ದೇನೆ.

ಈಗ ಇಟ್ಟಿಗೆ ತೆಗೆಸಿ, ಬ್ಯಾಟರಿ ಹಾಕಿಸಿದ್ದೇನೆ; ಟೈಲರಣ್ಣ ನನಗೆ ನಿಮ್ಮ ಕಾರು ಓಡಿಸೋದು ಕಲಿಸುತ್ತಿದ್ದಾರೆ. ನಿನ್ನೆ ಗೇಟಿಗೆ ಉಜ್ಜಿ ಎಡಗಡೆಯ ಬಣ್ಣವೆಲ್ಲ ಹೋಯಿತು. ನನಗೆ ಹಾಯೆನಿಸಿತು.

ಮಗಳಿಗೊಂದು ಹೆಸರು ಬರೆದು ಕಳಿಸಿ. ಇಲ್ಲದಿದ್ದರೆ ನಾನೇ ಇಟ್ಟುಬಿಡುತ್ತೇನೆ.

ಇಂತಿ,
ನಿಮ್ಮ ಮಗಳ ಅಮ್ಮ